ಅತ್ತೆ ಕಡಲಿಗೆ ಹೊರಟ ಚಳಿಗಾಲ

ಚಳಿಗಾಲದಲ್ಲಿ ಬಬಲೇಶ್ವರ ಬಿಟ್ಟು ಹೋಗುವವರನ್ನು ನಾನು ಕಂಡಿರಲಿಲ್ಲ. ಬೇಸಿಗೆಯಲ್ಲಿ ಯಾರಾದರೂ ಓಡಿಹೋದರೆ ಅದಕ್ಕೊಂದು ಅರ್ಥವಿದೆ. ಕರಿ ಎರೆಯಲ್ಲಿ ಬಿಳಿಜೋಳ ಎದೆಯೆತ್ತರ ನಿಂತು, ಕಡಲೆ ಕಾಯಿಕಟ್ಟಿ, ಬೆಳಿಗ್ಗೆ ಎದ್ದರೆ ಬಾಯಿಂದ ಹೊಗೆ ಬರುವ ಆ ಎರಡು ತಿಂಗಳಲ್ಲಿ ಊರು ಬಿಡುವುದೆಂದರೆ ಊಟಕ್ಕೆ ಕೂತು ಎಲೆಯ ಮುಂದಿನಿಂದ ಎದ್ದಂತೆ. ಅಂಥ ಹೊತ್ತಿನಲ್ಲಿ ನನ್ನ ಸೋದರತ್ತೆ, ನಿವೃತ್ತಳಾಗಿ ಆರು ತಿಂಗಳೂ ತುಂಬದ ಮುಖ್ಯೋಪಾಧ್ಯಾಯಿನಿ, ಸಮುದ್ರದ ದಂಡೆಯಲ್ಲಿ ಚಳಿಗಾಲ ಕಳೆಯುತ್ತೇನೆ ಎಂದು ಘೋಷಿಸಿದಳು. ಮನೆಯವರಿಗೆಲ್ಲ ಅದು ಹುಚ್ಚು ಅನ್ನಿಸಿತು. ನನಗೆ ಮೈ ಜುಮ್ಮೆಂದಿತು.

ಅತ್ತೆ ಅಪ್ಪನ ಅಕ್ಕ. ಸಣ್ಣವಳಿದ್ದಾಗಲೇ ಮದುವೆ ಮಾಡಿದ್ದರಂತೆ. ಗಂಡನ ಮನೆಯ ಹೊಸ್ತಿಲು ದಾಟುವ ಮೊದಲೇ ಆ ಹುಡುಗ ಜ್ವರ ಬಂದು ತೀರಿಕೊಂಡ. ಆಮೇಲೆ ಅವಳು ಓದಿದಳು, ಟ್ರೇನಿಂಗ್ ಮುಗಿಸಿದಳು, ತಿಕೋಟಾದಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು ಐವತ್ತೈದು ತುಂಬುವವರೆಗೆ ಹೆಣ್ಣುಮಕ್ಕಳಿಗೆ ಕಲಿಸಿದಳು. ನೌಕರಿ ಮುಗಿದ ದಿನವೇ ಅಪ್ಪ ಲೆಕ್ಕ ಹಾಕಿಬಿಟ್ಟಿದ್ದ: ಇನ್ನು ಖೋಲಿ ಯಾಕೆ, ಅಕ್ಕ ಬಬಲೇಶ್ವರದ ಮನೆಗೆ ಬಂದು ಇರುತ್ತಾಳೆ, ಮನೆಯ ಸಣ್ಣ ಹುಡುಗರಿಗೆ ಪಾಠ ಹೇಳುತ್ತಾಳೆ, ಅಡುಗೆಮನೆಗೂ ಒಂದು ಕೈ ಆಗುತ್ತದೆ. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಡಲಿಗೆ ಹೋಗುತ್ತೇನೆ ಅಂದಳು.

ನೆಪ ಮೊಣಕಾಲಿನದು. ಚಳಿ ಬಿದ್ದರೆ ಅವಳ ಮೊಣಕಾಲು ಹಿಡಿಯುತ್ತಿದ್ದವು. ವಿಜಾಪುರದ ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿದ್ದ ಡಾಕ್ಟರು, ಒಂದು ಚಳಿಗಾಲ ಸಮುದ್ರದ ಕಡೆ ಇದ್ದು ನೋಡಿ ಅಂದರು. ಜೊತೆಗೆ ಹೋಗಿದ್ದವಳು ನಾನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ಕಳೆದು, ಜೋರಾಪುರ ಪೇಟೆಯ ಸಂಬಂಧಿಕರ ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ವಾದ ರೂಢಿಸಿಕೊಂಡವಳಿಗೆ ಸುಮ್ಮನೆ ಕೂತಿರಲು ಆಗಲಿಲ್ಲ. ಸಮುದ್ರದ ಗಾಳಿ ಮೊಣಕಾಲಿಗೆ ಒಳ್ಳೆಯದು ಅನ್ನುವುದಕ್ಕೆ ಪುರಾವೆ ಏನು, ದಂಡೆಯ ಮೇಲೆ ಹುಟ್ಟಿ ಬೆಳೆದವರಿಗೆ ಮೊಣಕಾಲು ನೋಯುವುದೇ ಇಲ್ಲವೋ ಎಂದು ಕೇಳಿದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು, “ಪುರಾವಿ ಬೇಕಂದ್ರ ನೀವೂ ಹೋಗಿ ನೋಡಿ ಬರ್ರಿ” ಅಂದರು. ಅವರ ತರ್ಕ ಪೊಳ್ಳಾಗಿತ್ತು. ಸಲಹೆ ಮಾತ್ರ ಬಹಳ ಹಿಡಿಸಿತು.

ಕಟ್ಟೆಯ ಮೇಲೆ ಮಾತುಕತೆ ನಡೆದದ್ದು ದೀಪಾವಳಿಯ ನಂತರ. ಅಂಕೋಲೆಯ ಹತ್ತಿರದ ಹಳ್ಳಿಯೊಂದರಲ್ಲಿ ಅತ್ತೆಯ ಗೆಳತಿಯೊಬ್ಬಳಿದ್ದಳು. ತಿಕೋಟಾದಲ್ಲಿ ಅವಳ ಜೊತೆಗೇ ಕಲಿಸಿ, ನಿವೃತ್ತಳಾಗಿ ತನ್ನೂರಿಗೆ ಮರಳಿದವಳು. ಅವಳ ಹಿತ್ತಲ ಖೋಲಿ ಖಾಲಿ ಇದೆ ಅಂತ ಅತ್ತೆ ಹೇಳಿದಾಗ ಅಪ್ಪ ಜೋರಾಗಿ ನಕ್ಕ. ಆಮೇಲೆ ನಗು ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಷರತ್ತು ಹಾಕಿದ.

“ರೊಟ್ಟಿ ಇಲ್ಲದ ಊರಾಗ ಎಂಟ ದಿನ ಇರಂಗಿಲ್ಲ ನೀ, ಅಕ್ಕಾ. ಶಿವರಾತ್ರಿ ತನಕ ಇದ್ದ ತೋರ್ಸು. ಇದ್ದಿ ಅಂದ್ರ, ಎಲ್ಲಿ ಇರತಿ ಹ್ಯಾಂಗ ಇರತಿ ಅಂತ ನಾ ಮತ್ತ ಬಾಯಿ ತಗಿಯಂಗಿಲ್ಲ. ಸಾಕಾಗಿ ಹೊಳ್ಳಿ ಬಂದಿ ಅಂದ್ರ, ತಿಕೋಟಾದ ಖೋಲಿ ಬಿಟ್ಟು ಈ ಮನಿಗೆ ಬರಬೇಕು.”

“ಆತು” ಅಂದಳು ಅತ್ತೆ.

ಅಷ್ಟೇ. ಶಿವರಾತ್ರಿ ತನಕ ಅಂದರೆ ಹಿಂದಿನ ದಿನವೋ ಮರುದಿನವೋ, ಜಡ್ಡು ಬಿದ್ದು ಬಂದರೆ ಹೇಗೆ, ಇದನ್ನೆಲ್ಲ ಮೊದಲೇ ಖಚಿತ ಮಾಡಿಕೊಳ್ಳಬೇಕು ಎಂದು ನಾನು ಬಾಯಿ ಹಾಕಿದೆ. ಅಪ್ಪ ನನ್ನ ಕಡೆ ತಿರುಗಿ, ನೀನೂ ಹೋಗು, ನೀನು ಯಾರ ಪರವಾಗಿಯೂ ಸುಳ್ಳು ಹೇಳುವವಳಲ್ಲ, ಅಲ್ಲಿ ಏನು ನಡೆದಿದೆ ಅಂತ ನನಗೆ ತಿಳಿಸುತ್ತಿರು ಅಂದ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಕುಣಿಯುವಂತಾಯಿತು. ಮುಖ ಗಂಭೀರವಾಗಿಟ್ಟುಕೊಂಡು ಒಪ್ಪಿದೆ.

ಆಮೇಲೆ ಶುರುವಾಯಿತು ರೊಟ್ಟಿಯ ತಯಾರಿ. ಅಪ್ಪನ ಮಾತನ್ನು ಸುಳ್ಳು ಮಾಡಲು ಅತ್ತೆ ಕಂಡುಕೊಂಡ ಉಪಾಯ ಸರಳವಾಗಿತ್ತು. ಆ ಊರಿನಲ್ಲಿ ರೊಟ್ಟಿ ಇಲ್ಲದಿದ್ದರೆ ಇಲ್ಲಿಂದಲೇ ಒಯ್ದರಾಯಿತು. ಅವ್ವ, ಚಿಕ್ಕವ್ವ, ಅತ್ತೆ ಮೂವರೂ ದಿನಗಟ್ಟಲೆ ಒಲೆಯ ಮುಂದೆ ಕೂತು ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದು, ಬಿಸಿಲಿಗೆ ಒಣಗಿಸಿ, ಕಟಕಟ ಅನ್ನುವಂತೆ ಮಾಡಿ, ದೊಡ್ಡ ಬುಟ್ಟಿಯಲ್ಲಿ ಪೇರಿಸಿ ಬಿಳಿ ಧೋತರದಲ್ಲಿ ಕಟ್ಟಿದರು. ನಮ್ಮ ಕಡೆ ಕಟಕ್ ರೊಟ್ಟಿ ತಿಂಗಳುಗಟ್ಟಲೆ ಇರುತ್ತದೆ. ಅದು ಯಾರಿಗೂ ಅನುಮಾನ ಬರುವ ವಿಷಯವಲ್ಲ. ಎಲ್ಲದಕ್ಕೂ ಪುರಾವೆ ಕೇಳುವ ನನಗೂ ಬರಲಿಲ್ಲ.

ರೈಲಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಬಸ್ಸು. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಸ್ವೆಟರು ತೆಗೆದೆ, ಮುಂದೆ ಶಾಲು ತೆಗೆದೆ. ಘಟ್ಟದ ಬುಡ ಮುಟ್ಟುವ ಹೊತ್ತಿಗೆ ಡಿಸೆಂಬರ್ ತಿಂಗಳು ಎಲ್ಲಿಯೋ ಮೇಲೆ ಉಳಿದುಬಿಟ್ಟಿತ್ತು. ಕಿಟಕಿಯಿಂದ ಬೆಚ್ಚನೆಯ, ತೇವದ, ಏನೋ ಒಂದು ವಾಸನೆ ಬಂತು. ಇದೇ ಸಮುದ್ರದ ವಾಸನೆ ಅಂದೆ. ಅತ್ತೆ, ಭೂಗೋಳ ಕಲಿಸಿದ ಗತ್ತಿನಲ್ಲಿ, ಸಮುದ್ರ ಇನ್ನೂ ಬಹಳ ದೂರ ಇದೆ, ಇದು ಡ್ರೈವರನ ಪಕ್ಕದ ಮೀನಿನ ಬುಟ್ಟಿ ಅಂದಳು. ಅವಳ ಮಾತೇ ಸರಿಯಾಗಿತ್ತು.

ಗೆಳತಿಯ ಮನೆಯಲ್ಲಿ ಬುಟ್ಟಿ ಟ್ರಂಕು ಇಳಿಸಿ, ಚಹಾ ಕುಡಿಯುವ ಮೊದಲೇ ಇಬ್ಬರೂ ಗಾಳಿಮರಗಳ ಸಾಲಿನ ನಡುವೆ ಹೊರಟೆವು. ಮೊದಲು ಸಪ್ಪಳ ಬಂತು, ಒಣಗಿದ ಜೋಳದ ಹೊಲಕ್ಕೆ ಗಾಳಿ ನುಗ್ಗಿದ ಹಾಗೆ. ಆಮೇಲೆ ಮರಳಿನ ದಿಬ್ಬ ಹತ್ತಿ ನಿಂತರೆ ಎದುರಿಗೆ ಅದು. ಅಲ್ಲಿಯತನಕ ನಾನು ಕಂಡ ದೊಡ್ಡ ನೀರು ಮಮದಾಪುರದ ಕೆರೆ. ಆ ಕೆರೆಗೆ ಆಚೆ ದಂಡೆ ಇದೆ, ದಂಡೆಯ ಮೇಲೆ ಕುರಿಗಳಿವೆ. ಇದಕ್ಕೆ ಏನೂ ಇರಲಿಲ್ಲ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಯಾರ ಮೇಲಾದರೂ ಏನಾದರೂ ವಾದ ಹೂಡಬೇಕು ಅನ್ನಿಸಿತು. “ಇಷ್ಟ ನೀರು, ಅತ್ತಿ! ಒಂದ ಎಕರೆ ಹೊಲಕ್ಕ ಉಪಯೋಗಿಲ್ಲ. ಇದೆಂಥಾ ವ್ಯವಸ್ಥಾ?” ಅಂದೆ.

ಅತ್ತೆಗೆ ಕೇಳಿಸಲಿಲ್ಲ. ಅವಳು ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆಯ ನೆರಿಗೆ ಎತ್ತಿ, ಎಂದೂ ಶಾಲೆಯ ಮೆಟ್ಟಿಲನ್ನು ಒಂದೇ ಏಟಿಗೆ ಹತ್ತದ ಆ ಮೊಣಕಾಲಿನಲ್ಲಿ, ತೆರೆಯ ಕಡೆ ನಡೆಯುತ್ತಿದ್ದಳು.

ನಾಲ್ಕನೆಯ ಬೆಳಿಗ್ಗೆ ಅನಾಹುತವಾಯಿತು. ನಾಷ್ಟಾಕ್ಕೆ ಬುಟ್ಟಿಯ ಅರಿವೆ ಬಿಚ್ಚಿ ರೊಟ್ಟಿ ತೆಗೆದು ಮುರಿದೆ. ಮುರಿಯಲಿಲ್ಲ. ಸಪ್ಪಳವಿಲ್ಲದೆ, ಕರವಸ್ತ್ರದ ಹಾಗೆ ಮಡಚಿಕೊಂಡಿತು. ಇನ್ನೊಂದು ತೆಗೆದೆ, ಅದೂ ಹಾಗೇ. ಅತ್ತೆ ಬುಟ್ಟಿಗೇ ಕೈ ಹಾಕಿ ತಳದತನಕ ತಡಕಿದಳು. ಕಡಲ ಗಾಳಿಯ ತೇವ ಅರಿವೆ ದಾಟಿ ಎಲ್ಲ ಪದರಕ್ಕೂ ಹೊಕ್ಕಿತ್ತು. ದಿನವಿಡೀ ರೊಟ್ಟಿಗಳನ್ನು ಬಿಸಿಲಿಗೆ ಹರಡಿದೆವು. ಮಧ್ಯಾಹ್ನ ಗರಿಗರಿಯಾದವು, ಸಂಜೆಗೆ ಮತ್ತೆ ಜೋತುಬಿದ್ದವು. ಎರಡು ದಿನ ಹೀಗೆ ಬಿಸಿಲಿಗೂ ಗಾಳಿಗೂ ಜಗ್ಗಾಟ ನಡೆಯಿತು. ಮೂರನೆಯ ದಿನ ಹಸಿರು ಬೂಷ್ಟು ಕಂಡಿತು. ಗೆಳತಿಯ ಎಮ್ಮೆ ನಮ್ಮ ಚಳಿಗಾಲವನ್ನೆಲ್ಲ ಎರಡು ಹೊತ್ತಿಗೆ ತಿಂದು ಮುಗಿಸಿತು.

ಆ ಸಂಜೆ ಅತ್ತೆ ದಂಡೆಗೆ ಬರಲಿಲ್ಲ. ಅನ್ನ ಉಂಡು ಒಂದು ತಾಸಿಗೆ ಹೊಟ್ಟೆ ಖಾಲಿ ಅನ್ನಿಸುವ ಜನ ನಾವು. ಇನ್ನು ಶಿವರಾತ್ರಿ ತನಕ ಅನ್ನವೇ. ಟ್ರಂಕಿನ ಮೇಲೆ ಕೂತು ಅವಳು, ತಮ್ಮನಿಗೆ ಉಳಿದದ್ದೇನೂ ತಿಳಿಯದಿದ್ದರೂ ಹೊಟ್ಟೆಯ ವಿಷಯ ತಿಳಿದಿತ್ತು ಅಂದಳು. ಬಬಲೇಶ್ವರದ ಅಡುಗೆಮನೆ ಅವಳ ಕಣ್ಣ ಮುಂದೆ ಬಂದದ್ದು ನನಗೂ ಕಂಡಿತು. ನಾನು ಷರತ್ತಿನಲ್ಲಿ ರೊಟ್ಟಿಯ ಮಾತೇ ಇಲ್ಲ, ಇರುವ ಮಾತಷ್ಟೇ ಇದೆ ಎಂದು ವಾದಿಸಿದೆ. ಅತ್ತೆ ನನ್ನನ್ನೇ ನೋಡಿ, “ವಾದ ಉಂಡ ಹೊಟ್ಟಿ ತುಂಬತೈತೇನ ಬೇ?” ಅಂದಳು.

ಆದರೆ ಮರುದಿನ ಗೆಳತಿ, ಬೆಳಿಗ್ಗೆ ಹತ್ತರ ಹೊತ್ತಿಗೆ, ಕೆಂಪಕ್ಕಿಯ ಗಂಜಿ ಬಡಿಸಿ ಪಕ್ಕದಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ ಇಟ್ಟಳು. ಅತ್ತೆ ಔಷಧ ಕುಡಿಯುವವರ ಮುಖ ಮಾಡಿಕೊಂಡು ಒಂದು ಬಟ್ಟಲು ಕುಡಿದಳು. ಮಿಡಿ ಕಚ್ಚಿ ನೋಡಿದಳು. ಇನ್ನೊಂದು ಬಟ್ಟಲು ಕೇಳಿದಳು. ವಾರ ಕಳೆಯುವಷ್ಟರಲ್ಲಿ ಅಕ್ಕಿ ಹಿಟ್ಟಿನ ರೊಟ್ಟಿ ತಟ್ಟಿ, ನಮ್ಮ ಶೇಂಗಾ ಚಟ್ನಿ ಹಚ್ಚಿ, ಅಕ್ಕಪಕ್ಕದ ಹೆಂಗಸರಿಗೆ ಕೊಟ್ಟು ಅವರ ಕಣ್ಣಲ್ಲಿ ನೀರು ತರಿಸಿ ನಗುತ್ತಿದ್ದಳು. ಓಣಿಯಲ್ಲಿ ಅವಳಿಗೆ ಬಿಜಾಪುರದ ಟೀಚರು ಅಂತ ಹೆಸರು ಬಿತ್ತು. ಸಂಜೆ ದಂಡೆಯ ಮೇಲೆ ಅವಳ ನಡಿಗೆಗೆ ನಾನೇ ಹಿಂದೆ ಬೀಳುತ್ತಿದ್ದೆ. ಮೊಣಕಾಲಿಗೆ ಗುಣ ಕೊಟ್ಟದ್ದು ಗಾಳಿಯೋ, ನಡಿಗೆಯೋ, ಯಾರಿಗೂ ಲೆಕ್ಕ ಒಪ್ಪಿಸದೆ ಏಳುವ ಬೆಳಗುಗಳೋ, ಬೇರೆ ಬೇರೆ ಮಾಡಿ ನೋಡುವ ಉಪಾಯ ನನಗೆ ಹೊಳೆಯಲಿಲ್ಲ.

ಒಪ್ಪಿಕೊಂಡ ಕೆಲಸ ಬಿಡಬಾರದಲ್ಲ, ಅಪ್ಪನಿಗೆ ಕಾರ್ಡು ಬರೆದೆ. ರೊಟ್ಟಿ ಕೆಟ್ಟವು, ಗಂಜಿ ಕುಡಿಯುತ್ತಿದ್ದೇವೆ, ಅತ್ತೆಯ ಮೊಣಕಾಲು ಚೆನ್ನಾಗಿವೆ, ಕಾರಣ ಗಾಳಿಯೇ ಅನ್ನಲು ಆಧಾರವಿಲ್ಲ. ಅಪ್ಪ ಗಂಜಿಯ ತನಕ ಓದಿ ಕಾರ್ಡು ಕೆಳಗಿಟ್ಟನಂತೆ.

ನಮ್ಮ ಕಡೆಯ ಹೊಲದ ಹಬ್ಬ ಎಳ್ಳ ಅಮಾವಾಸ್ಯೆಗೆ ಕೆಲವೇ ದಿನ ಉಳಿದಾಗ, ಮಧ್ಯಾಹ್ನದ ಬಸ್ಸಿಗೆ ಅಪ್ಪನೇ ಬಂದಿಳಿದ. ರುಮಾಲು, ಕಂಬಳಿ, ಹೆಗಲ ಮೇಲೆ ಗಂಟು, ಬೆವರಿಗೆ ಅಂಗಿಯೆಲ್ಲ ತೊಯ್ದು ಮೈಗೆ ಅಂಟಿತ್ತು. ಅಕ್ಕನ ಮುಖವನ್ನು ಮೇಲಿಂದ ಕೆಳಗೆ ನೋಡಿದ. ಸೊರಗಿದವಳನ್ನು ಕಾಣಲು ಬಂದವನಿಗೆ ಬಿಸಿಲಿಗೆ ಕೆಂಪಾದ, ಎರಡು ಕೆನ್ನೆ ತುಂಬಿದ ಹೆಂಗಸು ಎದುರಾಗಿದ್ದಳು. ಆದರೂ ಮೊದಲೇ ಕೂಡಿಸಿಕೊಂಡು ಬಂದ ಮಾತು ಬಿಡಲಿಲ್ಲ.

“ಅಮಾಸಿ ಬಂತು ಅಕ್ಕಾ. ಕರಿಯಾಕ ಬಂದೇನಿ. ಟ್ರಂಕ ಕಟ್ಟು, ಹಟ ಸಾಕು.”

ನಾನು ಎದ್ದು ನಿಂತೆ. ಶಿವರಾತ್ರಿಗೆ ಮೊದಲು ನೀನೇ ಬಂದು ಒತ್ತಾಯ ಮಾಡಿದರೆ ಷರತ್ತು ಮುರಿದವನು ನೀನು ಎಂದು ಶುರು ಮಾಡುವವಳಿದ್ದೆ. ಮೂರು ಅಂಶ ಸಿದ್ಧವಾಗಿದ್ದವು. ಅತ್ತೆ ಕೈಯೆತ್ತಿ ನನ್ನನ್ನು ಕೂರಿಸಿದಳು. ಅವಳ ಕಣ್ಣು ಗಂಟಿನ ಮೇಲಿತ್ತು. “ಬುತ್ತಿ ತಂದಿ ಏನೋ ತಮ್ಮಾ?” ಅಂದಳು.

ತಂದಿದ್ದ. ನಮ್ಮ ಕಡೆ ಹೆಣ್ಣುಮಗಳನ್ನು ಹಬ್ಬಕ್ಕೆ ಕರೆಯಲು ಹೋಗುವ ಅಣ್ಣತಮ್ಮಂದಿರು ಬರಿಗೈಲಿ ಹೋಗುವುದಿಲ್ಲ. ತವರಿನ ಬುತ್ತಿ ಒಯ್ಯುತ್ತಾರೆ. ಅವಳು ಅದನ್ನು ತನ್ನ ಓಣಿಯ ಮನೆಮನೆಗೆ ಹಂಚಿ, ತವರಿಂದ ಕರೆ ಬಂದಿದೆ ಎಂದು ಹೇಳಿ ಬರುತ್ತಾಳೆ. ಹಬ್ಬ ಮುಗಿದ ಮೇಲೆ, ಕರೆದೊಯ್ದವನೇ ಅವಳನ್ನು ಅವಳ ಮನೆಗೆ ತಂದು ಬಿಡಬೇಕು. ಅತ್ತೆಗೆ ಯಾರೂ ಎಂದೂ ಬುತ್ತಿ ಒಯ್ದಿರಲಿಲ್ಲ. ಗಂಡನ ಮನೆ ಇರಲಿಲ್ಲ. ತಿಕೋಟಾದ ಖೋಲಿಯನ್ನು ನಮ್ಮವರು ಯಾರೂ ಮನೆ ಅಂತ ಎಣಿಸಿರಲಿಲ್ಲ. ಹಬ್ಬಕ್ಕೆ ಅವಳು ತಾನೇ ಬಸ್ಸು ಹತ್ತಿ ಬರುತ್ತಿದ್ದಳು, ತಾನೇ ಹೋಗುತ್ತಿದ್ದಳು. ಈ ಸಲ ಗಂಡಸು ದೂರದ ಊರಿಗೆ ಹೆಣ್ಣುಮಗಳನ್ನು ಕರೆಯಲು ಹೊರಟಿದ್ದಾನೆಂದು ಅವ್ವ ಬುತ್ತಿ ಕಟ್ಟಿದ್ದಳು. ಬೇಕೆಂದೇ ಕಟ್ಟಿದೆಯಾ ಎಂದು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಅವ್ವ ನಕ್ಕು ಬೇರೆ ಮಾತು ತೆಗೆಯುತ್ತಾಳೆ.

ಅತ್ತೆ ತಮ್ಮನಿಗೆ ಕಾಲಿಗೆ ನೀರು ಕೊಟ್ಟಳು. ಗಂಟು ಬಿಚ್ಚಿದಳು. ಶೇಂಗಾ ಹೋಳಿಗೆ, ಎಳ್ಳಿನ ಹೋಳಿಗೆ, ಕರಿದ ಕಡಬು, ಇನ್ನೂ ಗರಿಗರಿಯಾಗಿದ್ದ ಸಜ್ಜೆ ರೊಟ್ಟಿ. ಗೆಳತಿಯ ದೊಡ್ಡ ತಾಟಿನಲ್ಲಿ ಜೋಡಿಸಿ ಮೇಲೆ ಅರಿವೆ ಮುಚ್ಚಿ ಹೊರಗೆ ಹೊರಟಳು. ಅಪ್ಪ ಏನು ಮಾಡಬೇಕೆಂದು ತಿಳಿಯದೆ ಹಿಂದೆಯೇ ನಡೆದ, ನಾನೂ ನಡೆದೆ.

ಮೊದಲನೆಯ ಮನೆಯ ಅಂಗಳದಲ್ಲಿ ಮುದುಕಿಯೊಬ್ಬಳು ಬಲೆ ಸರಿಮಾಡುತ್ತಿದ್ದಳು. ಅತ್ತೆ ಹೋಳಿಗೆ ಕೊಟ್ಟು, ತನ್ನ ತವರಿನ ಬುತ್ತಿ, ತಮ್ಮ ತಂದಿದ್ದಾನೆ ಅಂದಳು. ಮುದುಕಿ ತಿಂದು ನೋಡಿ, ತಲೆದೂಗಿ, ಅಪ್ಪನ ರುಮಾಲನ್ನು ಸಾವಕಾಶ ನೋಡಿದಳು.

“ಟೀಚರಿನ ತಮ್ಮನಾ? ಅಕ್ಕನನ್ನ ಹಬ್ಬಕ್ಕೆ ಕರ್ಕೊಂಡು ಹೋಗಲಿಕ್ಕೆ ಬಂದದ್ದಾ? ಮತ್ತೆ ಯಾವಾಗ ತಂದು ಬಿಡ್ತೀರಿ?”

ಅಪ್ಪ ಬಾಯಿ ತೆರೆದ. ಇಂಥ ಪ್ರಶ್ನೆಯನ್ನು ಅವನು ಮದುವೆಯಾಗಿ ಹೋದ ನನ್ನ ಇಬ್ಬರು ಸಣ್ಣತ್ತೆಯರ ಊರುಗಳಲ್ಲಿ ಎಷ್ಟೋ ಸಲ ಕೇಳಿಸಿಕೊಂಡಿದ್ದಾನೆ, ಎಷ್ಟೋ ಸಲ ಉತ್ತರ ಕೊಟ್ಟಿದ್ದಾನೆ. ಹೆಣ್ಣುಮಗಳ ನೆರೆಯವರ ಮುಂದೆ ನಿಂತ ತಮ್ಮ ಬೇರೆ ಉತ್ತರ ಕೊಡುವ ಪದ್ಧತಿಯೇ ನಮ್ಮಲ್ಲಿಲ್ಲ. ಅತ್ತೆ ತಾಟು ಹಿಡಿದು ಅವನ ಮುಖವನ್ನೇ ನೋಡುತ್ತಿದ್ದಳು.

“ಅಮಾಸಿ ಮುಗದ ಮ್ಯಾಲ ಒಂದ ವಾರ ಇಟಗೋತೀವ್ರಿ, ಯವ್ವಾ” ಅಂದ ಅಪ್ಪ, ನೆಲ ನೋಡುತ್ತ. “ಆಮ್ಯಾಲ ನಾನ ತಂದ ಬಿಡತೇನಿ.”

ಅತ್ತೆ ಆಗಲೇ ಮುಂದಿನ ಮನೆಯ ಕಡೆ ತಿರುಗಿದ್ದಳು, ಎಷ್ಟು ಜೋರಾಗಿ ನಡೆದಳೆಂದರೆ ತಾಟಿನ ಅರಿವೆ ಹಾರಿ ಬೇಲಿಗೆ ಬಿತ್ತು. ನಾನು ಅದನ್ನು ಎತ್ತಿಕೊಳ್ಳುತ್ತ, ಅಪ್ಪನ ಹತ್ತಿರ ಸರಿದು, ಹಾಗಾದರೆ ಶಿವರಾತ್ರಿಯ ಷರತ್ತಿನ ಗತಿಯೇನು, ತಂದು ಬಿಡುವುದು ಅಂದರೆ ಇದು ಅವಳ ಮನೆ ಅಂತ ಒಪ್ಪಿದ ಹಾಗಲ್ಲವೇ ಎಂದು ಕೇಳಿದೆ.

“ಸುಮ್ನ ನಡಿ ಬೇ” ಅಂದ ಅಪ್ಪ. “ಮಂದಿ ಮುಂದ ಆಡಿದ ಮಾತು. ಇನ್ನೂ ಎಷ್ಟ ಮನಿ ಅದಾವ ನೋಡು, ಕಡಬು ಸಾಲತಾವೋ ಇಲ್ಲೋ.”