ಕ್ಲಚ್ಚಿನ ಮೇಲೆ ನನ್ನ ಕಾಲು

ಎತ್ತಿನ ಗಾಡಿಯ ಚಕ್ರ ಹಾಯ್ದ ಮೇಲೆ ನಮ್ಮ ಮನೆಯವರ ಎಡಪಾದ ನೆಲಕ್ಕೆ ಊರಲಷ್ಟೇ ಉಳಿಯಿತು, ಒತ್ತುವ ಬಲ ಹೋಯಿತು. ಆದರೂ ತಾವೇ ಕಾರು ನಡೆಸಬೇಕೆಂಬ ಹುಚ್ಚು ಬಿಡಲಿಲ್ಲ. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಬಸವಕಲ್ಯಾಣದಲ್ಲಿ ನಮ್ಮದು ಕಿರಾಣಿ ಅಂಗಡಿ. ಅತ್ತೆ, ಮಕ್ಕಳು, ಮೇಲೆ ಮಾಲಿನ ಚೀಲ, ಇಷ್ಟೂ ಹಿಡಿಯುವಂಥ ಹಳೇ ಕಾರು ಬೇಕಿತ್ತು.

ಹುಮನಾಬಾದಿನ ದಲ್ಲಾಳಿಯೊಬ್ಬ ಎರಡು ಕಾರು ತೋರಿಸಿದ. ಒಂದು ಹೈದರಾಬಾದಿನಿಂದ ಬಂದ ಪರದೇಶಿ ಗಾಡಿ. ಒಳಗೆ ಹಾಸಿಗೆ ಹಾಸಿ ಮಲಗಬಹುದು. ಗೇರು ತಾನೇ ಬದಲಾಗುತ್ತದೆ, ಎಡಗಾಲಿನಿಂದ ಒತ್ತುವ ಕ್ಲಚ್ಚೇ ಇಲ್ಲ. ನಮ್ಮವರು ಹೆಣ್ಣು ನೋಡಲು ಬಂದವರಂತೆ ಅದರ ಸುತ್ತ ತಿರುಗಿದರು. ಇನ್ನೊಂದು ನಮ್ಮ ದೇಶದ್ದೇ, ಅದೂ ಅಗಲವಾದದ್ದು. ಮುಂದಿನ ಸೀಟು ಬಾಗಿಲಿನಿಂದ ಬಾಗಿಲಿಗೆ ಒಂದೇ ಬೆಂಚು. ಅದಕ್ಕೆ ಕ್ಲಚ್ ಇತ್ತು, ಹಾಗಾಗಿ ಅವರು ಅತ್ತ ನೋಡಲೇ ಇಲ್ಲ.

ನಾನು ಓದಿದ್ದು ಮೂರನೇ ಇಯತ್ತೆ. ಗೇರಿನ ವಿಷಯ ಗೊತ್ತಿರಲಿಲ್ಲ, ಸೀದದ್ದರ ವಾಸನೆ ಗೊತ್ತಿತ್ತು. ಗೇರಿನ ಪೆಟ್ಟಿಗೆಯಲ್ಲಿ ಎಣ್ಣೆ ತುಂಬಿದೆ ಎಂದು ತೋರಿಸಲು ದಲ್ಲಾಳಿ ಕಡ್ಡಿ ಹೊರಗೆಳೆದಾಗ ಅದನ್ನು ಮೂಗಿಗೆ ಹಿಡಿದೆ.

"ಇದು ಸೀದದ."

"ಹಳೀ ಎಣ್ಣಿ ಅದರಿ ಅಕ್ಕಾರ. ಬದಲ್ ಮಾಡಿದ್ರ ಮುಗೀತು."

"ಪೆಟಗಿ ಕೆಟ್ರ ಇಲ್ಲಿ ಯಾರು ಬಿಚ್ಚತಾರ?"

"ಹೈದರಾಬಾದಿಗಿ ಒಯ್ಯಬೇಕ್ರಿ."

"ಹ್ಯಾಂಗ ಒಯ್ಯೋದು, ಹೊತ್ಕೊಂಡು?"

ಬ್ಯಾಟರಿ ಇಳಿದರೆ ನಮ್ಮ ಕಡೆ ಎಲ್ಲರೂ ಮಾಡುವುದು ಒಂದೇ, ನಾಲ್ಕು ಮಂದಿ ಸೇರಿ ಧಕ್ಕಾ ಕೊಡುವುದು. ಎಂಜಿನ್ ಬಂದ್ ಮಾಡಿಸಿ, ಚಹಾದಂಗಡಿಯಲ್ಲಿ ಕೂತವರನ್ನು ಕರೆದು ದೂಡಿಸಿದೆ. ಗಾಡಿ ಉರುಳಿತು, ಎಂಜಿನ್ ಮಾತ್ರ ಸದ್ದೆತ್ತಲಿಲ್ಲ.

"ಇದು ಧಕ್ಕಾಕ್ಕ ಚಾಲೂ ಆಗಂಗಿಲ್ರಿ" ಎಂದು ದಲ್ಲಾಳಿ ಆಗ ಬಾಯಿಬಿಟ್ಟ.

ನಮ್ಮವರ ಮುಖ ಇಳಿಯಿತು. "ಹಂಗಾರ ನಾ ಗಾಡಿ ಹೊಡಿಯೋದೇ ಬ್ಯಾಡ ಅನ್ನು."

"ಹೊಡೀರಿ. ಆ ಬೆಂಚಿನ ಗಾಡಿ ತಗೋರಿ. ಮಗ್ಗಲದಾಗ ಕುಂತು ಕ್ಲಚ್ ನಾ ಒತ್ತತೀನಿ."

"ಅಂದ್ರ ನೀ ಇಲ್ಲದ ನಾ ಎಲ್ಲಿಗೂ ಹೋಗಂಗಿಲ್ಲ?"

"ನಾ ಇಲ್ಲದ ಎಲ್ಲಿಗಿ ಹೋಗೋದದ?"

ಚಹಾದಂಗಡಿಯವರು ನಕ್ಕರು, ನಮ್ಮವರು ನಗಲಿಲ್ಲ. ಆದರೂ ಅದೇ ಗಾಡಿ ತಂದೆವು. ಅವರು "ಒತ್ತು" ಎಂದಾಗ ಒತ್ತಿದೆ, "ಬಿಡು" ಎಂದಾಗ ಬಿಟ್ಟೆ. ದಾರಿಯಲ್ಲಿ ರಾಜೇಶ್ವರ ಎಂಬ ಊರು ದಾಟುವತನಕ ಗಾಡಿ ಕುಪ್ಪಳಿಸುತ್ತಲೇ ಇತ್ತು.

ಆಮೇಲೆ ಹೇಳುವುದೇ ಬೇಕಾಗಲಿಲ್ಲ. ಎಂಜಿನ್ನಿನ ದನಿ ಕೇಳಿ ಕಾಲು ತಾನೇ ಕೆಳಗೆ ಹೋಗುತ್ತಿತ್ತು. ಮಾತು ಬಿಟ್ಟ ದಿನಗಳಲ್ಲೂ ಒತ್ತಿದ್ದೇನೆ. ಗೇರು ಕೆಟ್ಟಾಗ ಊರಿನ ಮಿಸ್ತ್ರಿಯೇ ಬಿಚ್ಚಿ ಜೋಡಿಸಿದ.

ಒಮ್ಮೆ ಮಾತ್ರ ಒತ್ತಲಿಲ್ಲ. ಘಾಟಬೋರಾಳದಲ್ಲಿ ಬೀಗರ ಮುಂದೆ ಅವರು, "ನನ್ನ ಗಾಡಿ ನಾನೇ ಹೊಡೀತೀನಿ, ಯಾರ ಹಂಗೂ ಇಲ್ಲ" ಎಂದಿದ್ದರು. ಹೊರಟಾಗ ನಾನು ಕಾಲು ಮಡಚಿ ಕೂತೆ. ಗೇರು ಕರಕರ ಎಂದಿತು, ಗಾಡಿ ಕದಲಲಿಲ್ಲ. ಬೀಗರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

"ಒತ್ತರಿ" ಎಂದರು ನಮ್ಮವರು ಮೆಲ್ಲಗೆ.

ಮದುವೆಯಾದ ಮೇಲೆ ಅವರು ನನಗೆ 'ರಿ' ಹಚ್ಚಿ ಮಾತಾಡಿದ್ದು ಅದೊಂದೇ ಸಲ. ಒತ್ತಿದೆ.