ಹಸಿ ಗೋಡೆ

ಹಸಿ ಗಾರೆಗೆ ಗಂಟೆ ಕೇಳಿಸುವುದಿಲ್ಲ. ಚಿತ್ರ ಕಲಿಸಲು ಶಾಲೆಗೆ ಸೇರಿದ ಹೊಸದರಲ್ಲೇ ಗಾರೆಯಕ್ಕ ಈ ಮಾತನ್ನು ಹೆಡ್ ಮೇಡಂಗೆ ಹೇಳಿದ್ದಳು. ಮೇಡಂ ನಕ್ಕು ಟೈಮ್ ಟೇಬಲ್ ಕೈಗಿಟ್ಟಿದ್ದರು.

ಅವಳ ಕೆಲಸ ಇಷ್ಟೇ. ಸುಣ್ಣ ಮರಳು ಕಲಸಿದ ಗಾರೆಯನ್ನು ಗೋಡೆಗೆ ಬಳಿದು, ಕರಣೆಯಲ್ಲಿ ತೀಡಿ, ಅದು ಬಿಗಿಯತೊಡಗಿದಾಗ ನೀರಲ್ಲಿ ಕದಡಿದ ಮಣ್ಣಿನ ಬಣ್ಣದಿಂದ ಚಿತ್ರ ಬರೆಯುವುದು. ಒಣಗುತ್ತಾ ಒಣಗುತ್ತಾ ಗೋಡೆ ಬಣ್ಣವನ್ನು ಕಚ್ಚಿಕೊಳ್ಳುತ್ತದೆ. ಗೋಂದು ಗೀಂದು ಬೇಡ. ಆತುರಪಟ್ಟರೆ ಬಣ್ಣ ಹರಡುತ್ತದೆ, ತಡ ಮಾಡಿದರೆ ಬರೀ ಧೂಳು. "ಗಾರೆ ಅಂದ್ರೆ ನೋವು ಬಂದ ಬಸುರಿ ಕಣೇ, ನಾಳೆ ಬಾ ಅನ್ನೋಕಾಗಲ್ಲ" ಎನ್ನುತ್ತಿದ್ದ ಅಪ್ಪ. ಅವನೇ ಅವಳಿಗೆ ಕಲಿಸಿದವನು. ಅವನು ಹೋದ ಮೇಲೆ ಆ ಕೆಲಸ ಇವಳೊಬ್ಬಳ ಕೈಯಲ್ಲಿ ಉಳಿದಿತ್ತು. ತಮ್ಮ ಸಿಮೆಂಟಿನ ಮೇಸ್ತ್ರಿಯಾದ. ಇವಳ ಮಂಡಿ ಇನ್ನು ಅಟ್ಟಣೆ ಹತ್ತದು. ಶಾಲೆಯ ಮಕ್ಕಳ ಕೈಗೆ ದಾಟಿಸಿದರೆ ದಾಟಿತು, ಇಲ್ಲದಿದ್ದರೆ ಅವಳ ಜೊತೆಗೇ ಮಣ್ಣು.

ಮಕ್ಕಳಿಗೆ ಅವಳು ಕಲಿಸಿದ ಮೊದಲ ಪಾಠ ಒದ್ದೆ ಬಟ್ಟೆಯದು. ಅಪ್ಪ ಚಿತ್ರ ಬರೆದಿದ್ದ ಹಳೆಯ ಗೋಡೆಯ ತುಣುಕೊಂದನ್ನು ತಂದು, ಒದ್ದೆ ಬಟ್ಟೆಯಿಂದ ಗಸಗಸ ಉಜ್ಜಿ ತೋರಿಸಿದಳು. ಬಣ್ಣ ಜಗ್ಗಲಿಲ್ಲ.

"ಯಾರು ಏನೇ ಹೇಳ್ಲಿ, ಉಜ್ಜಿ ನೋಡದೆ ನಂಬಬೇಡಿ."

"ನೀವು ಹೇಳಿದ್ರೂನಾ?" ಎಂದು ಕೇಳಿದವಳು ಯಾಕಮ್ಮ. ಮಾತಿಗೊಮ್ಮೆ 'ಯಾಕೆ' ಎನ್ನುವ ಹುಡುಗಿಗೆ ತರಗತಿಯೇ ಇಟ್ಟ ಹೆಸರು ಅದು.

"ನಾನು ಹೇಳಿದ್ರೂ."

ಪಾಠ ಚೆನ್ನಾಗಿತ್ತು, ಗೋಡೆಯ ಮೇಲೆ ಚಿತ್ರ ಏಳಲಿಲ್ಲ. ಗಾರೆ ಬಳಿದು, ತೀಡಿ, ಅದು ಹದಕ್ಕೆ ಬರುವಷ್ಟರಲ್ಲಿ ಗಂಟೆ. ಮಕ್ಕಳು ಕುಂಚ ಬಿಸಾಕಿ ಗಣಿತಕ್ಕೆ ಓಡುತ್ತಿದ್ದರು. ಅವಳೇ ಮುಂಚೆ ಬಂದು ಬಳಿದಿಟ್ಟರೆ, ಅವತ್ತೇ ಯಾರದೋ ಭಾಷಣಕ್ಕೆ ಪೀರಿಯಡ್ ಬಲಿಯಾಗುತ್ತಿತ್ತು. ಒದ್ದೆ ಗೋಣಿ ಹೊದಿಸಿ ನೋಡಿದಳು. ಗೋಣಿಯ ನಾರು ಮಾತ್ರ ಚಿತ್ರ ಬಿಡಿಸಿತು. ಒಣಗಿದ್ದನ್ನು ಕೆತ್ತುವುದು, ಮತ್ತೆ ಬಳಿಯುವುದು. ವರ್ಷವಿಡೀ ಅದೇ ಗೋಳು.

"ಮೇಡಂ, ಒಂದೇ ಒಂದು ದಿನ ಪೂರ್ತಿ ಕೊಡಿ" ಎಂದು ಬೇಡಿದಳು.

"ಗಣಿತದ ಮೇಷ್ಟ್ರು ನನ್ನ ತಲೆ ತಿಂತಾರೆ ಅಕ್ಕ. ನೀವೇ ಸ್ವಲ್ಪ ಬೇಗ ಒಣಗದ ಹಾಗೆ ನೋಡ್ಕೊಳ್ಳಿ."

'ಸೂರ್ಯನಿಗೂ ಸ್ವಲ್ಪ ನಿಧಾನ ಅಂತ ಹೇಳಿ' ಎನ್ನಬೇಕೆನಿಸಿತು. ನುಂಗಿಕೊಂಡಳು. ತರಗತಿ ನಡೆಸಲು ನೆರವು ಕೊಡುತ್ತಿದ್ದ ಸಂಸ್ಥೆಯವರು ಸೋಮವಾರ ಗೋಡೆ ನೋಡಲು ಬರುವವರಿದ್ದರು. ಒಪ್ಪಿದರೆ ಮುಂದಿನ ವರ್ಷವೂ ಪಾಠ, ಇಲ್ಲದಿದ್ದರೆ ಆ ಕೋಣೆಗೆ ಕಂಪ್ಯೂಟರ್. ತೋರಿಸಲು ಇದ್ದದ್ದು ಬೋಳು ಗೋಡೆ.

ಭಾನುವಾರ ತಮ್ಮನನ್ನು ಕರೆದುಕೊಂಡು ಹೋಗಿ, ಒಣಗಿದ ಗಾರೆಯ ಮೇಲೆ ಮಕ್ಕಳು ಹಾಳೆಯಲ್ಲಿ ಬಿಡಿಸಿದ್ದ ಮೀನು, ಮರ, ಸೈಕಲ್ಲುಗಳನ್ನು ತಾನೇ ಬರೆದಳು. ಬಣ್ಣಕ್ಕೆ ಗೋಂದು ಕಲಸಿ.

ಮಂಡಿ ನೋವಲ್ಲೇ ಅವಳು ಹತ್ತಿದ್ದ ಕುಳ್ಳ ಏಣಿಯನ್ನು ತಮ್ಮ ಹಿಡಿದು ನಿಂತಿದ್ದ. "ಅಪ್ಪ ಇದ್ದಿದ್ರೆ ಕರಣೆ ತಗೊಂಡು ನೆತ್ತಿಗೇ ಹೊಡೀತಿದ್ದ."

"ಅಪ್ಪನ ಗೋಡೆ ಹತ್ರ ಯಾವನೂ ಗಂಟೆ ಹೊಡೀತಿರ್ಲಿಲ್ಲ ಕಣೋ."

"ನನ್ನ ಸಿಮೆಂಟಿಗೆ ಇಷ್ಟು ವರ್ಷ ಉಗಿದೆಯಲ್ಲೇ ಅಕ್ಕ. ಈಗ ನಿಂದೇನು?"

"ಮುಚ್ಕೊಂಡು ಏಣಿ ಹಿಡಿ."

ಸೋಮವಾರ ಮಕ್ಕಳು ಬಾಯಿಬಿಟ್ಟುಕೊಂಡು ನಿಂತರು. "ಇದು ಯಾವಾಗಾಯ್ತು?" ಎಂದು ಯಾಕಮ್ಮ ಕೇಳಿದಳು. ಉತ್ತರ ಹೇಳುವ ಮೊದಲೇ ಸಂಸ್ಥೆಯವರು ಒಳಗೆ ಬಂದರು, ಒಬ್ಬ ಹಿರಿಯ ಹೆಂಗಸು, ಒಬ್ಬ ಗಂಡಸು. ಇಬ್ಬರಿಗೂ ಗೋಡೆ ಹಿಡಿಸಿತು. ಆ ಹೆಂಗಸು ಬಗ್ಗಿ ಯಾಕಮ್ಮನನ್ನೇ ಕೇಳಿದರು, "ಏನು ಕಲಿತೆ ಪುಟ್ಟಾ?"

ಯಾಕಮ್ಮ ತೋರಿಸಿಯೇ ಬಿಡಲು ಹೊರಟಳು. ಬಕೆಟ್ಟಿಗೆ ಬಟ್ಟೆ ಅದ್ದಿದಳು. ಗಾರೆಯಕ್ಕ ಒಂದು ಹೆಜ್ಜೆ ಮುಂದಿಟ್ಟಳು, ಮಂಡಿ ಹಿಡಿದುಕೊಂಡಿತು. ಹುಡುಗಿ ತನ್ನ ಮೀನನ್ನೇ ಆರಿಸಿ, ಕಲಿಸಿದ ಹಾಗೇ ಗಸಗಸ ಉಜ್ಜಿದಳು. ಮೀನು ಅರ್ಧ ಬಟ್ಟೆಗೆ ಬಂತು, ಇನ್ನರ್ಧ ಕೆಂಪು ನೀರಾಗಿ ಗೋಡೆಯುದ್ದಕ್ಕೂ ಇಳಿಯಿತು.

ಹೆಡ್ ಮೇಡಂ ನಡುವೆ ಬಂದರು. "ಇನ್ನೂ ಒಣಗಿಲ್ಲ ಅನ್ಸುತ್ತೆ. ಅಲ್ವಾ ಅಕ್ಕ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ದೊಡ್ಡವರಿಬ್ಬರೂ ನಂಬಲು ತಯಾರಾಗಿಯೇ ನಿಂತಿದ್ದರು. ಆದರೆ ಅವಳ ಮಾತು ಕೇಳಲು ಮಕ್ಕಳೂ ನಿಂತಿದ್ದರು. ಹೂಂ ಅಂದರೆ ಒದ್ದೆ ಬಟ್ಟೆಯ ಪಾಠವೂ ಸುಳ್ಳಾಗುತ್ತಿತ್ತು. ಅವಳು ಅವರಿಗೆ ಪೂರ್ತಿಯಾಗಿ ಕೊಟ್ಟದ್ದು ಅದೊಂದನ್ನೇ.

"ಒಣಗಿದೆ. ಒಣಗಿದ ಗಾರೆ ಮೇಲೆ ಬರೆದಿದ್ದಕ್ಕೇ ಬಣ್ಣ ಬರ್ತಿದೆ. ಗೋಂದು ಹಾಕಿ ನಾನೇ ಬರೆದೆ, ಮಕ್ಕಳು ಬರೆದಿದ್ದಲ್ಲ."

ಆ ಹೆಂಗಸು ಗಂಡಸಿನ ಮುಖ ನೋಡಿದರು. "ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ಮುಂದಿನ ವರ್ಷಕ್ಕೆ ಆಗೋದಿಲ್ಲ" ಎಂದು ಮೆಲ್ಲಗೆ ಹೇಳಿ ಹೊರಟರು. ಹೆಡ್ ಮೇಡಂ ಅವರ ಹಿಂದೆಯೇ ಓಡಿದರು. ಕಾರಿಡಾರಿನಲ್ಲಿ ಕಂಪ್ಯೂಟರಿನ ಮಾತು ಶುರುವಾದದ್ದು ಒಳಗೆ ಕೇಳಿಸಿತು.

ಒಬ್ಬ ಹುಡುಗ ಬಟ್ಟೆ ಅದ್ದಿ ತನ್ನ ಸೈಕಲ್ಲನ್ನು ಉಜ್ಜಿದ. ಬಂತು. ಇನ್ನೊಬ್ಬಳು ಮರ ಉಜ್ಜಿದಳು. ಅದೂ ಬಂತು. ಒಬ್ಬೊಬ್ಬರಾಗಿ ಎಲ್ಲರೂ ಬಕೆಟ್ಟಿನ ಮುಂದೆ ಸಾಲು ನಿಂತರು. ಯಾಕಮ್ಮ ಮಾತ್ರ ಕೆಂಪಾದ ಬಟ್ಟೆ ಹಿಂಡುತ್ತಾ ಗಾರೆಯಕ್ಕನ ಎದುರಿಗೆ ಬಂದು ನಿಂತಳು.

"ಯಾಕಕ್ಕ?"

ವರ್ಷವಿಡೀ ಶಪಿಸಿದ ಆ ಗಂಟೆ ಈಗೊಮ್ಮೆ ಹೊಡೆಯಲಿ ಎಂದು ಗಾರೆಯಕ್ಕ ಬಾಗಿಲಿನ ಕಡೆ ಕಿವಿಗೊಟ್ಟಳು. ಪೀರಿಯಡ್ ಇನ್ನೂ ಅರ್ಧಕ್ಕರ್ಧ ಬಾಕಿ ಇತ್ತು.