ಸೆರಗಿನ ಮೇಲೆ ಕತ್ತರಿ

ಗೆಳತಿಯರೇ, ಇವತ್ತು ಒಂದು ಮದುವೆ ಸೀರೆ ನನ್ನ ಕತ್ತರಿಯಿಂದ ಸ್ವಲ್ಪದರಲ್ಲಿ ಪಾರಾಯಿತು.

ಚಳ್ಳಕೆರೆಯ ನನ್ನ ಟೈಲರ್ ಅಂಗಡಿಗೆ ಕೊಂಡ್ಲಹಳ್ಳಿಯ ಮದುಮಗಳೊಬ್ಬಳು ಮೊಳಕಾಲ್ಮೂರು ರೇಷ್ಮೆ ಸೀರೆ ಕೊಟ್ಟುಹೋಗಿದ್ದಳು. ಸೀರೆಯ ತುದಿಯಲ್ಲಿ ಸೇರಿಸಿಯೇ ನೇಯ್ದಿದ್ದ ಬ್ಲೌಸ್ ಪೀಸ್ ಕತ್ತರಿಸಬೇಕಿತ್ತು. ನನ್ನ ಕಿವಿಗೂ ಭುಜಕ್ಕೂ ನಡುವೆ ಫೋನ್. ಎದುರಿಗೆ ಲೈನಿಂಗ್ ಬಟ್ಟೆ ಆರಿಸುತ್ತಿದ್ದ ಗಿರಾಕಿ. ಇಬ್ಬರಿಗೂ ಉತ್ತರ ಕೊಡುತ್ತಲೇ ಕತ್ತರಿ ಇಟ್ಟೆ.

"ಅರೆ, ನಿಲ್ಸು! ಅದು ಸೆರಗು!"

ಮೂಲೆಯಲ್ಲಿ ಹುಕ್ಕು ಹಾಕುತ್ತಿದ್ದ ಅತ್ತೆ ಕೂಗಿದರು. ನನ್ನ ಕೈ ಅಲ್ಲೇ ನಿಂತಿತು. ನೋಡಿದರೆ ಅಂಚಿನ ಒಂದು ಎಳೆಯೂ ತುಂಡಾಗಿರಲಿಲ್ಲ. ಹೋದ ಜೀವ ಬಂದಂತಾಯಿತು.

"ನನ್ ಬಟ್ಟೆಗೂ ಹಿಂಗೇ ಕತ್ರಿ ಹಾಕ್ತೀಯೇನವ್ವ?" ಎಂದರು ಎದುರಿಗಿದ್ದ ಗಿರಾಕಿ.

ಅತ್ತೆ ಬಂದು ಫೋನ್ ಕಿತ್ತುಕೊಂಡರು. ಗಿರಾಕಿಗಳ ಜೊತೆ ಮಾತಾಡುವುದು ನನ್ನೊಬ್ಬಳಿಗೇ ಗೊತ್ತು ಅಂತ ನಾನು ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಅವರು ಆ ಕಡೆಯವರಿಗೆ ಹೇಳಿದ್ದು ಇಷ್ಟೇ: "ನಮ್ ಸೊಸೆ ಕೈಯಾಗೆ ಕತ್ರಿ ಐತ್ರಿ. ಏನಿದ್ರೂ ನಂಗೇಳ್ರಿ."

ಆಮೇಲೆ ಫೋನ್ ಮಾಡಿದ ಎಲ್ಲರಿಗೂ ಅದೇ ಉತ್ತರ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ದಿನಾ "ಆಯ್ತಾ, ಆಯ್ತಾ" ಅಂತ ನನ್ನ ತಲೆ ತಿನ್ನುವವರು ಕೂಡ "ನಿಧಾನಕ್ಕೆ ಹೊಲೀಲಿ ಬಿಡಮ್ಮ" ಎಂದರಂತೆ. ಸಂಜೆಯೊಳಗೆ ಮದುಮಗಳ ಬ್ಲೌಸ್ ತಯಾರಾಯಿತು.

ಇಷ್ಟನ್ನು ನಿಮಗೆ ಬರೆಯೋಣವೆಂದು ಫೋನ್ ಕೇಳಿದೆ. ಅತ್ತೆ ಕೈ ಚಾಚಿದರು.

"ಮೊದ್ಲು ಕತ್ರಿ ಕೊಡು."